ಹಳೆ ಟಾಟಾ ಲಾರಿಯ ಇಂಜಿನ್: ಗುರುತು ಹಿಡಿಯುವುದು, ಬಿಚ್ಚಿ ಕಟ್ಟುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಹಿಂದೆ ಹುಣಸೆಮರದ ಕೆಳಗೆ ಅಪ್ಪ ಓಡಿಸಿದ ಟಾಟಾ 1210 ಬಹಳ ವರ್ಷ ನಿಂತಿತ್ತು. ಅದನ್ನು ಮತ್ತೆ ಎಬ್ಬಿಸಿದ ಮೇಲೆ ಗೊತ್ತಿದ್ದವರು, ಗೊತ್ತಿಲ್ಲದವರು ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ನಾನು ಮೇಸ್ತ್ರಿ ಅಲ್ಲ. ಮೇಸ್ತ್ರಿಯ ಪಕ್ಕ ಸ್ಪಾನರ್ ಹಿಡಿದು ನಿಂತವನು, ಒಂದೆರಡು ಸಲ ದುಡ್ಡು ಕಳೆದುಕೊಂಡವನು.

ಲಾರಿಯ ಮೇಲೆ 1210 ಎಂದಿದೆ. ಇಂಜಿನ್ ಯಾವುದು ಎಂದು ಅಷ್ಟರಿಂದಲೇ ಗೊತ್ತಾಗುತ್ತದಾ?

ಇಲ್ಲ. ಅದು ಗಾಡಿಯ ಹೆಸರು, ಇಂಜಿನ್ನಿನದ್ದಲ್ಲ. 1210 ಎಂದರೆ ಲೋಡ್ ಸೇರಿ ಸುಮಾರು 12 ಟನ್ ತೂಕ, ಸುಮಾರು 100 ಎಚ್‌ಪಿ. 1612 ಎಂದರೆ 16 ಟನ್, ಸುಮಾರು 120 ಎಚ್‌ಪಿ. ಇದು ಬೆಂಜ್ ಕಂಪನಿಯಿಂದ ಬಂದ ಲೆಕ್ಕದ ಪದ್ಧತಿ. ಸ್ಥೂಲ ಲೆಕ್ಕ ಅಷ್ಟೆ. ನಲವತ್ತು ವರ್ಷ ಓಡಿದ ಗಾಡಿಗೆ ಎಷ್ಟು ಇಂಜಿನ್ ಬದಲಾಗಿದೆಯೋ ಯಾರಿಗೆ ಗೊತ್ತು? ಲೋಡ್ ಇಟ್ಟುಕೊಂಡು ಇಂಜಿನ್ ಕೈಕೊಟ್ಟಾಗ, ಹತ್ತಿರದ ಊರಿನ ಗುಜರಿಯಲ್ಲಿ ಸಿಕ್ಕಿದ್ದನ್ನು ಕೂರಿಸಿಕೊಂಡು ಬಂದವರೇ ಜಾಸ್ತಿ.

ನಾವು ಮಾಡಿದ ತಪ್ಪೂ ಇದೇ. ಅಂಗಡಿಗೆ ಹೋಗಿ "1210ದು ಕಿಟ್ ಕೊಡಿ" ಎಂದೆವು. ಕಿಟ್ ಎಂದರೆ ಪಿಸ್ಟನ್, ರಿಂಗ್, ಅವು ಓಡಾಡುವ ಲೈನರ್ ಕೊಳವೆ ಸೇರಿದ ಸೆಟ್. ಅವರು ಕೇಳಿದ್ದನ್ನು ಕೊಟ್ಟರು. ಮನೆಗೆ ತಂದು ಪ್ಯಾಕೆಟ್ ಹರಿದು, ಹೊಸ ರಿಂಗನ್ನು (ಪಿಸ್ಟನ್ ಸುತ್ತ ಕೂರುವ ಬಳೆ) ಬ್ಲಾಕಿನ ಬೋರ್, ಅಂದರೆ ಪಿಸ್ಟನ್ ಓಡಾಡುವ ತೂತಿನ ಮೇಲೆ ಇಟ್ಟರೆ ಅದು ಒಳಗೆ ಬಿದ್ದು ಹೋಯಿತು! ನಮ್ಮ ಗಾಡಿಯಲ್ಲಿ ಯಾರೋ ಯಾವಾಗಲೋ ದೊಡ್ಡ ಇಂಜಿನ್ ಕೂರಿಸಿದ್ದರು. ಪ್ಯಾಕೆಟ್ ಹರಿದಿದ್ದರಿಂದ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅವರದ್ದೇನೂ ತಪ್ಪಿಲ್ಲ ಬಿಡಿ.

ಹಾಗಾದರೆ 692, 697 ಎಂದರೆ ಏನು?

ಇದೇ ಇಂಜಿನ್ನಿನ ಹೆಸರು. ಓದುವುದು ಬಲು ಸುಲಭ. ಮೊದಲ ಅಂಕಿ ಎಷ್ಟು ಸಿಲಿಂಡರ್ ಎಂದು ಹೇಳುತ್ತದೆ. ಮುಂದಿನ ಎರಡು ಅಂಕಿ ಬೋರಿನ ಅಗಲ ಎಷ್ಟು ಮಿಲಿಮೀಟರ್ ಎಂದು. 692 ಎಂದರೆ ಆರು ಸಿಲಿಂಡರ್, 92 ಮಿ.ಮೀ. ಬೋರ್. 697 ಎಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್. 407, 709ರಂಥ ಚಿಕ್ಕ ಗಾಡಿಗಳಲ್ಲಿ ಬರುವ 497 ಎಂದರೆ ನಾಲ್ಕು ಸಿಲಿಂಡರ್, ಬೋರ್ ಅದೇ 97.

ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ ಮಾತ್ರ ಹೆಸರಿನಲ್ಲಿ ಇರುವುದಿಲ್ಲ. 692ಕ್ಕೆ 120 ಮಿ.ಮೀ., ಒಟ್ಟು 4788 ಸಿಸಿ. 697ಕ್ಕೆ 128 ಮಿ.ಮೀ., ಒಟ್ಟು 5675 ಸಿಸಿ. ಹೆಸರಲ್ಲಿ ಐದೇ ಅಂಕಿಯ ವ್ಯತ್ಯಾಸ, ಒಳಗೆ ಹತ್ತಿರ ಹತ್ತಿರ ಒಂದು ಲೀಟರ್. ಪಿಸ್ಟನ್, ಲೈನರ್, ಕ್ರ್ಯಾಂಕ್ (ಪಿಸ್ಟನ್ನಿನ ಓಟದಿಂದ ತಿರುಗುವ ಶಾಫ್ಟ್) ಯಾವುದೂ ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ನಮ್ಮ ಗಾಡಿಯ ಮೂತಿಯ ಮೇಲೆ ಬೆಂಜ್ ನಕ್ಷತ್ರ ಇದೆ. ಅದು ಜರ್ಮನ್ ಇಂಜಿನ್ನೇ?

ಮೂಲ ಜರ್ಮನ್, ಗಾಡಿ ನಮ್ಮದೇ. ಟೆಲ್ಕೋ (ಇಂದಿನ ಟಾಟಾ ಮೋಟಾರ್ಸ್) ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿತು. 1969ಕ್ಕೆ ಒಪ್ಪಂದ ಮುಗಿಯಿತು. ನಕ್ಷತ್ರ ಹೋಗಿ 'ಟಿ' ಗುರುತು ಬಂತು. ನಮ್ಮ ಕಡೆ ಹಳಬರು ಇವತ್ತಿಗೂ ಟಾಟಾ ಲಾರಿಯನ್ನು "ಬೆಂಜು" ಎನ್ನುವುದು ಆ ಕಾಲದಿಂದ ಉಳಿದ ಅಭ್ಯಾಸ.

ಮೊದಮೊದಲು ಬಂದದ್ದು 312 ಎಂಬ ಇಂಜಿನ್. 90 ಮಿ.ಮೀ. ಬೋರ್, 120 ಮಿ.ಮೀ. ಸ್ಟ್ರೋಕ್, 4580 ಸಿಸಿ. ಅಂದರೆ ಈ 312ಕ್ಕೆ ಮೇಲೆ ಹೇಳಿದ ಅಂಕಿಯ ಲೆಕ್ಕ ಹೊಂದುವುದಿಲ್ಲ, ಅದು ಬೆಂಜಿನವರದ್ದೇ ನಂಬರ್. ಮುಂದೆ ಬಂದ 697ರ ಬೋರ್, ಸ್ಟ್ರೋಕ್ ಎರಡೂ ಬೆಂಜಿನ 352 ಎಂಬ ಇಂಜಿನ್ನಿನವೇ. ನಕ್ಷತ್ರ ಇದೆ ಎಂದ ಮಾತ್ರಕ್ಕೆ ಒಳಗೆ ಇರುವುದು 312 ಎಂದು ನಂಬಬೇಡಿ. ಬಾನೆಟ್ ಒಂದು ಕಾಲದ್ದು, ಇಂಜಿನ್ ಇನ್ನೊಂದು ಕಾಲದ್ದು ಇರಬಹುದು.

ಇಂಜಿನ್ ನಂಬರ್ ಎಲ್ಲಿರುತ್ತದೆ? ಕಾಣುತ್ತಲೇ ಇಲ್ಲ.

ಬ್ಲಾಕಿನ ಬದಿಯಲ್ಲಿ ಎರಕದ ಒರಟು ಮೈ ನಡುವೆ ಒಂದು ಸಪಾಟು ಪಟ್ಟಿ ಹುಡುಕಿ. ಅದರ ಮೇಲೆ ಹೊಡೆದಿರುತ್ತಾರೆ. ಆಯಿಲ್ಲು, ಮಣ್ಣು ಸೇರಿ ಅದರ ಮೇಲೆ ಬೆರಳು ದಪ್ಪ ಕೂತಿರುತ್ತದೆ. ಡೀಸೆಲ್ ಹಚ್ಚಿ ಅರ್ಧ ಗಂಟೆ ನೆನೆಯಲು ಬಿಡಿ. ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿ ಮೇಲೆ ಬಟ್ಟೆಯಾಡಿಸಿ, ಅಕ್ಷರದ ಗೀರಿನಲ್ಲಿ ಮಾತ್ರ ಬಿಳಿ ಉಳಿಯುತ್ತದೆ. ಗ್ರೈಂಡರ್, ಫೈಲು, ಎಮೆರಿ ಕಾಗದ ಮುಟ್ಟಿಸಲೇಬೇಡಿ. ನಂಬರ್ ತಿದ್ದಿದ್ದಾರೆ ಎಂದು ನಾಳೆ ಆರ್‌ಟಿಒದಲ್ಲಿ ಅನುಮಾನ ಬಂದರೆ ಉತ್ತರ ಕೊಡಬೇಕಾದವರು ನೀವೇ.

ಸಿಕ್ಕ ನಂಬರನ್ನು ಆರ್‌ಸಿ ಜೊತೆ ಹೋಲಿಸಿ ನೋಡಿ. ಎರಡೂ ಒಂದೇ ಆದರೆ ಅರ್ಧ ಕೆಲಸ ಮುಗಿಯಿತು. ಬೇರೆ ಆದರೆ, ಮುಂದೆ ಆರ್‌ಟಿಒ ಪ್ರಶ್ನೆಗೆ ಬರೆದಿರುವ ಉತ್ತರ ಓದಿ.

ನಂಬರ್ ಸಿಗಲೇ ಇಲ್ಲ. ಹೊರಗಿನಿಂದ ನೋಡಿ ಹೇಳಬಹುದಾ?

ಊಹೆ ಮಾಡಬಹುದು. 312 ಹಳೆ ನಮೂನೆಯದು. ಡೀಸೆಲ್ ಮೊದಲು ಹೆಡ್, ಅಂದರೆ ಬ್ಲಾಕಿನ ಮೇಲಿನ ಮುಚ್ಚಳದೊಳಗಿನ ಒಂದು ಚಿಕ್ಕ ಗೂಡಿಗೆ ಹೋಗಿ ಅಲ್ಲಿ ಉರಿ ಶುರುವಾಗುತ್ತದೆ. ಚಳಿಯಲ್ಲಿ ಸ್ಟಾರ್ಟ್ ಆಗಲು ಪ್ರತಿ ಸಿಲಿಂಡರಿಗೂ ಒಂದು ಹೀಟರ್ ಪ್ಲಗ್ ಬೇಕು. ಹೆಡ್ಡಿನ ಉದ್ದಕ್ಕೂ ಆರು ಪ್ಲಗ್, ಅವುಗಳಿಗೆ ವೈರ್ ಕಂಡರೆ ಅದು ಹಳೆ ಕಾಲದ್ದು. ಡೈರೆಕ್ಟ್ ಇಂಜೆಕ್ಷನ್ ಬಂದ ಮೇಲೆ, ಅಂದರೆ ಮೇಸ್ತ್ರಿಗಳು "ಡಿಐ" ಎನ್ನುವ ಇಂಜಿನ್ನಿನಲ್ಲಿ, ಡೀಸೆಲ್ ನೇರ ಪಿಸ್ಟನ್ ತಲೆಯ ಬಟ್ಟಲಿಗೇ ಬೀಳುತ್ತದೆ. ಹೀಟರ್ ಪ್ಲಗ್ ಸಾಲು ಅಲ್ಲಿ ಬೇಕಿಲ್ಲ.

ಕೊನೆಯ ಮಾತು ಮಾತ್ರ ಅಳತೆಯದ್ದೇ. ಹೆಡ್ ಎತ್ತಿದ ಮೇಲೆ ಬೋರ್ ಅಳೆಯಿರಿ. ಪಿಸ್ಟನ್ನನ್ನು ಪೂರ್ತಿ ಮೇಲೆ ತಂದು, ಆಮೇಲೆ ಪೂರ್ತಿ ಕೆಳಗೆ ಇಳಿಸಿ, ಎರಡರ ನಡುವಿನ ದೂರ ಅಳೆದರೆ ಅದೇ ಸ್ಟ್ರೋಕ್. 120 ಬಂತೋ 128 ಬಂತೋ ನೋಡಿ. ಎಂಟು ಮಿಲಿಮೀಟರ್ ವ್ಯತ್ಯಾಸ, ಸಾಮಾನ್ಯ ಸ್ಕೇಲಿನಲ್ಲೂ ತಪ್ಪದೆ ಸಿಗುತ್ತದೆ. ಇಷ್ಟು ಆಗುವವರೆಗೆ ಒಂದು ವಾಷರ್ ಕೂಡ ಖರೀದಿ ಮಾಡಬೇಡಿ.

ನಮ್ಮದು ಲೇಲ್ಯಾಂಡ್ ಕಾಮೆಟ್. ಅದಕ್ಕೂ ಇದೇ ಲೆಕ್ಕವಾ?

ಅಲ್ಲ. ಅಶೋಕ್ ಲೇಲ್ಯಾಂಡಿನ ಹಳೆ 370, 400 ಎಂಬ ಹೆಸರುಗಳು ಕ್ಯೂಬಿಕ್ ಇಂಚಿನ ಲೆಕ್ಕ. 400 ಎಂದರೆ ಸುಮಾರು ಆರೂವರೆ ಲೀಟರ್. ಅದು ಇಂಗ್ಲೆಂಡಿನ ಸಂತತಿ, ನಟ್ಟು ಬೋಲ್ಟಿನ ಅಳತೆಯೂ ಇಂಚಿನಲ್ಲಿ ಸಿಗಬಹುದು. ಟಾಟಾದ ಮಿಲಿಮೀಟರ್ ಸ್ಪಾನರ್ ಸೆಟ್ ಇಟ್ಟುಕೊಂಡು ಕೈ ಹಾಕಿದರೆ ಬೋಲ್ಟಿನ ತಲೆ ಉರುಟಾಗುತ್ತದೆ. ಮುಂದಿನ ಉತ್ತರಗಳಲ್ಲಿ ಕ್ರಮ ಎಲ್ಲಕ್ಕೂ ಒಂದೇ, ಅಂಕಿ ಮಾತ್ರ ಟಾಟಾದ್ದು.

ಹತ್ತು ವರ್ಷ ನಿಂತ ಗಾಡಿ. ಎಳೆದು ಸ್ಟಾರ್ಟ್ ಮಾಡಬಹುದಾ?

ದಯವಿಟ್ಟು ಬೇಡ. ರಿಂಗು ಬೋರಿಗೆ ತುಕ್ಕು ಹಿಡಿದು ಅಂಟಿರುತ್ತದೆ. ಟ್ರ್ಯಾಕ್ಟರ್ ಕಟ್ಟಿ ಎಳೆದರೆ ರಿಂಗ್ ಮುರಿಯುತ್ತದೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕಾನ್‌ರಾಡ್ ಬಾಗುತ್ತದೆ.

ಮೊದಲು ಆಯಿಲ್ ಚೇಂಬರಿನ ಡ್ರೈನ್ ಪ್ಲಗ್ಗನ್ನು ನಿಧಾನ ಸಡಿಲಿಸಿ. ನೀರು ಭಾರ, ಆಯಿಲ್ ಹಗುರ. ಒಳಗೆ ನೀರು ಇಳಿದಿದ್ದರೆ ಮೊದಲು ತೊಟ್ಟಿಕ್ಕುವುದು ಅದೇ. ನಮ್ಮದರಲ್ಲಿ ಒಂದು ಲೋಟದಷ್ಟು ನೀರು ಬಂತು, ಹಿಂದೆಯೇ ಮಜ್ಜಿಗೆ ಬಣ್ಣದ್ದು, ಆಮೇಲೆ ಕಪ್ಪು ಆಯಿಲ್. ಏರ್ ಕ್ಲೀನರ್ ಬಿಚ್ಚಿದರೆ ಒಳಗೆ ಇಲಿ ಗೂಡು, ಅರ್ಧ ಗೋಣಿಚೀಲದ ನಾರು, ಶೇಂಗಾ ಸಿಪ್ಪೆ. ಇದನ್ನೆಲ್ಲ ಒಳಗೆ ಎಳೆದುಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಮೇಲೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬಿಚ್ಚಿ, ಆರೂ ಸಿಲಿಂಡರಿಗೆ ಡೀಸೆಲ್ಲು, ಇಂಜಿನ್ ಆಯಿಲ್ ಬೆರೆಸಿ ಸ್ವಲ್ಪ ಸ್ವಲ್ಪ ಹಾಕಿ. ಎರಡು ಮೂರು ದಿನ ಬಿಡಿ. ಇಂಜಿನ್ನಿನ ಮುಂಭಾಗದ ಕ್ರ್ಯಾಂಕ್ ನಟ್ಟಿಗೆ ಉದ್ದ ಹಿಡಿಕೆ ಹಾಕಿ ಕೈಯಿಂದ ಹಿಂದಕ್ಕೂ ಮುಂದಕ್ಕೂ ಅಲುಗಾಡಿಸಿ. ಬಂದರೆ ಬಂತು. ಬರದಿದ್ದರೆ ಹೆಡ್ ಎತ್ತಿ. ಜೋರು ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ರಿಂಗ್ ಹಾಕಿದರೆ ಸಾಕಾ, ಫುಲ್ ಇಂಜಿನ್ ಮಾಡಿಸಬೇಕಾ?

ಓಡುವ ಗಾಡಿಯಾದರೆ ಮೊದಲು ಹೊಗೆ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಎಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ, ಇದಕ್ಕೆ ಇಂಜಿನ್ ಬಿಚ್ಚುವ ಮೊದಲು ಪಂಪು, ನಾಸಲ್ (ಇಂಜೆಕ್ಟರಿನ ಮೂತಿ), ಏರ್ ಕ್ಲೀನರ್ ತೋರಿಸಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಬರುತ್ತಿರಬಹುದು. ಬ್ರೀದರಿನಿಂದ (ಇಂಜಿನ್ ಉಸಿರಾಡುವ ಪೈಪ್) ರೈಲಿನಂತೆ ಗ್ಯಾಸ್ ಹೊಡೆಯುತ್ತಿದ್ದರೆ ರಿಂಗು, ಬೋರು ಸವೆದಿವೆ.

ಬಿಚ್ಚಿದ ಮೇಲೆ ಉತ್ತರ ಬೋರಿನಲ್ಲಿದೆ. ಬೋರು ಸಮನಾಗಿ ಸವೆಯುವುದಿಲ್ಲ. ಮೇಲ್ಗಡೆ, ಮೊದಲ ರಿಂಗ್ ತಿರುಗುವ ಜಾಗದಲ್ಲಿ ಜಾಸ್ತಿ, ಕೆಳಗೆ ಕಮ್ಮಿ. ಬೆರಳಿನ ಉಗುರು ಮೇಲಿನಿಂದ ಜಾರಿಸಿದರೆ ಅಂಚು ತಗಲುತ್ತದೆ. ಬೋರ್ ಗೇಜ್ ಇಲ್ಲದಿದ್ದರೂ ಒಂದು ಉಪಾಯ ಇದೆ. ಹೊಸ ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರಿಂದಲೇ ನೇರವಾಗಿ ತಳ್ಳಿ. ರಿಂಗಿನ ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ (ಅಳತೆ ಬರೆದ ತೆಳು ತಗಡುಗಳು) ಅಳೆಯಿರಿ. ಬೋರಿನ ತಳದಲ್ಲಿ ಒಮ್ಮೆ, ಮೇಲ್ಗಡೆ ಒಮ್ಮೆ. ಬೋರು 0.10 ಮಿ.ಮೀ. ದೊಡ್ಡದಾದರೆ ಸುತ್ತಳತೆ 0.31 ಮಿ.ಮೀ. ಹೆಚ್ಚುತ್ತದೆ, ಅಷ್ಟೂ ಸಂದಿನಲ್ಲೇ ಕಾಣುತ್ತದೆ. 697ರಂಥ ಬೋರಿಗೆ ಸಂದು ಸ್ಥೂಲವಾಗಿ 0.30ರಿಂದ 0.40 ಮಿ.ಮೀ. ಹತ್ತಿರ ಇರಬೇಕು ಎನ್ನುವುದು ಹಳೆ ಅಂದಾಜು. ತಳದಲ್ಲಿ 0.40 ಇದ್ದು ಮೇಲೆ 1.30 ಬಂದರೆ? ಅಲ್ಲಿ ಸುಮಾರು 0.29 ಮಿ.ಮೀ. ಸವೆದಿದೆ. ಅಂಥ ಬೋರಿಗೆ ಬರೀ ರಿಂಗ್ ಹಾಕುವುದು ಹರಿದ ಛತ್ರಿಗೆ ಹೊಸ ಹಿಡಿಕೆ ಹಾಕಿದ ಹಾಗೆ.

ಬಿಚ್ಚುವಾಗ ಏನು ನೋಡಿಕೊಳ್ಳಬೇಕು?

ಎತ್ತುವಾಗ ಹುಷಾರು. ಈ ಇಂಜಿನ್ ನಾಲ್ಕು ಕ್ವಿಂಟಲ್ ಆಸುಪಾಸು ತೂಗುತ್ತದೆ. ಮರದ ಕೊಂಬೆಗೆ ಚೈನ್ ಬ್ಲಾಕ್ ಕಟ್ಟುವ ಧೈರ್ಯ ಬೇಡ.

ಕಾನ್‌ರಾಡಿನ ಕ್ಯಾಪು, ಮೇನ್ ಬೇರಿಂಗಿನ ಕ್ಯಾಪು ಒಂದಕ್ಕೊಂದು ಜೋಡಿ ಮಾಡಿ ಬೋರ್ ಹೊಡೆದಿರುವವು. ಅದಲುಬದಲಾದರೆ, ತಿರುಗುಮುರುಗಾದರೆ ಆ ಬೋರು ಗುಂಡಗೆ ಉಳಿಯುವುದಿಲ್ಲ. ಬಿಚ್ಚುವ ಮೊದಲೇ ಗುರುತು ಇದೆಯಾ ನೋಡಿ, ಇಲ್ಲದಿದ್ದರೆ ನೀವೇ ಹಾಕಿ. ವಾಲ್ವ್ ತೆರೆಸುವ ಪುಶ್‌ರಾಡುಗಳನ್ನು ರಟ್ಟಿಗೆ ಹನ್ನೆರಡು ತೂತು ಮಾಡಿ ಬಂದ ಸಾಲಿನಲ್ಲೇ ಚುಚ್ಚಿಡಿ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಎಷ್ಟು ತೆಗೆದರೂ ಕಮ್ಮಿಯೇ.

ಕ್ರ್ಯಾಂಕನ್ನು ಸುತ್ತುವರಿಯುವ ಅರ್ಧ ಬಳೆಯಂಥ ಹಳೆ ಬೇರಿಂಗ್ ಶೆಲ್‌ಗಳನ್ನು ಬಿಸಾಡಬೇಡಿ. ಬೆನ್ನಿನ ಮೇಲೆ ಸೈಜ್ ಬರೆದಿರುತ್ತದೆ. ಸ್ಟ್ಯಾಂಡರ್ಡ್ ಇದೆಯಾ, 0.25 ಇದೆಯಾ, 0.50 ಮಿ.ಮೀ. ಇದೆಯಾ ಎಂದು ಅದೇ ಹೇಳುತ್ತದೆ. ಕ್ರ್ಯಾಂಕ್ ಹಿಂದೆ ಎಷ್ಟು ಸಲ ಗ್ರೈಂಡ್ ಆಗಿದೆ ಎಂಬುದರ ಜಾತಕ ಅದು.

ಡ್ರೈ ಲೈನರ್, ವೆಟ್ ಲೈನರ್ ಎನ್ನುತ್ತಾರೆ. ನಮ್ಮದು ಯಾವುದು?

692, 697ರಲ್ಲಿ ಡ್ರೈ ಲೈನರ್. ಅಂದರೆ ರೇಡಿಯೇಟರ್ ನೀರು ಲೈನರನ್ನು ಮುಟ್ಟುವುದಿಲ್ಲ, ನಡುವೆ ಬ್ಲಾಕಿನ ಗೋಡೆ ಇದೆ. ಲೈನರಿನ ಬಿಸಿ ಆ ಗೋಡೆಯ ಮೂಲಕವೇ ನೀರಿಗೆ ಹೋಗಬೇಕು. ಆದ್ದರಿಂದ ಎರಡೂ ಒತ್ತಿ ಕೂತಿರಬೇಕು. ನಡುವೆ ಕಸ, ತುಕ್ಕು, ಹಳೆ ಗ್ರೀಸ್ ಉಳಿದರೆ ಅಲ್ಲಿ ಬಿಸಿ ನಿಲ್ಲುತ್ತದೆ, ಪಿಸ್ಟನ್ ಹಿಡಿಯುತ್ತದೆ. ಲೈನರನ್ನು ಪ್ರೆಸ್ಸಿನಲ್ಲೇ ಕೂರಿಸಬೇಕು. ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಹೊಡೆಯುವವರನ್ನು ಕಂಡರೆ ಬ್ಲಾಕ್ ವಾಪಸ್ ತನ್ನಿ.

ಸೆಮಿ ಫಿನಿಶ್, ಅಂದರೆ ಒಳಗಿನ ಅಳತೆ ಪೂರ್ತಿ ಮಾಡದ ಲೈನರ್ ತಂದರೆ ಕೂರಿಸಿದ ಮೇಲೆ ಬೋರ್ ಹೊಡೆದು ಹೋನಿಂಗ್ (ಕಲ್ಲಿನಿಂದ ಒಳಮೈ ಉಜ್ಜುವುದು) ಮಾಡಬೇಕು. ನನಗೆ ಇದೇ ಇಷ್ಟ, ಏಕೆಂದರೆ ಪ್ರತಿ ಪಿಸ್ಟನ್ನಿಗೂ ಅದರ ಬೋರ್ ಅಳೆದು ಮಾಡಿಸಬಹುದು. ಪಿಸ್ಟನ್ ಕೈಯಲ್ಲಿ ಇಲ್ಲದೆ ಬೋರ್ ಹೊಡೆಸಬೇಡಿ. ಹೋನಿಂಗ್ ಆದ ಬೋರಿನಲ್ಲಿ ಅಡ್ಡಡ್ಡ ಗೀರುಗಳ ಜಾಲ ಕಾಣಬೇಕು, ಆಯಿಲ್ ನಿಲ್ಲುವುದು ಅದರಲ್ಲೇ. ತಂದ ಮೇಲೆ ಸೋಪಿನ ಬಿಸಿನೀರಿನಲ್ಲಿ ತೊಳೆಯಿರಿ. ಬಿಳಿ ಬಟ್ಟೆ ಉಜ್ಜಿದರೆ ಬಿಳಿಯಾಗಿಯೇ ಬರಬೇಕು. ತಕ್ಷಣ ಆಯಿಲ್ ಸವರಿ, ಇಲ್ಲವಾದರೆ ಕಣ್ಣೆದುರಿಗೇ ತುಕ್ಕು ಹಿಡಿಯುತ್ತದೆ.

ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿದೆವು. ಆದರೂ ಬೇರಿಂಗ್ ಹೋಯಿತು. ಯಾಕೆ?

ನಮಗೂ ಆಗಿದೆ. ಎರಡನೇ ದಿನವೇ ಬಾಗಿಲು ಬಡಿದ ಹಾಗೆ ಸದ್ದು. ಬಿಚ್ಚಿ ನೋಡಿದರೆ ನಾಲ್ಕನೇ ಕಾನ್‌ರಾಡಿನ ಬೇರಿಂಗ್ ತಾಮ್ರ ಬಣ್ಣಕ್ಕೆ ತಿರುಗಿತ್ತು, ಗೀರುಗಳಲ್ಲಿ ಹೊಳೆಯುವ ಪುಡಿ. ಲೇತಿನಲ್ಲಿ ಕ್ರ್ಯಾಂಕ್ ಚೆನ್ನಾಗಿಯೇ ಗ್ರೈಂಡ್ ಮಾಡಿದ್ದರು. ಒಳಗಿನ ಆಯಿಲ್ ದಾರಿ ಮಾತ್ರ ತೊಳೆದಿರಲಿಲ್ಲ. ನಾವೂ ನೋಡಲಿಲ್ಲ. ಗ್ರೈಂಡಿಂಗಿನ ಪುಡಿ ಎಲ್ಲ ಅಲ್ಲೇ ಕೂತಿತ್ತು, ಆಯಿಲ್ ಒತ್ತಡ ಅದನ್ನು ನೇರ ಬೇರಿಂಗಿಗೆ ತಂದು ಬಡಿಸಿತು.

ಈಗ ನಾನು ಕ್ರ್ಯಾಂಕಿನ ತೂತಿಗೆಲ್ಲ ಉದ್ದ ಬ್ರಷ್ ಹಾಕಿ, ಡೀಸೆಲ್ ಬಿಟ್ಟು, ಗಾಳಿ ಹೊಡೆಯುತ್ತೇನೆ. ಒಂದು ತೂತಿನಲ್ಲಿ ಬಿಟ್ಟಿದ್ದು ಇನ್ನೊಂದರಲ್ಲಿ ಶುದ್ಧವಾಗಿ ಬರುವವರೆಗೆ. ಬ್ಲಾಕಿನ ಆಯಿಲ್ ಗ್ಯಾಲರಿಗೂ ಅದೇ ಉಪಚಾರ, ಪ್ಲಗ್ ಬಿಚ್ಚಿಸಿಯೇ.

ಇನ್ನೊಂದು ಮಾತು. ಬೇರಿಂಗ್ ಮೊದಲು ತಂದು ಆಮೇಲೆ ಕ್ರ್ಯಾಂಕ್ ಕೊಡಬೇಡಿ. ಎಷ್ಟಕ್ಕೆ ಗ್ರೈಂಡ್ ಮಾಡಿದರೆ ಗೀರು ಹೋಗುತ್ತದೆ ಎನ್ನುವುದನ್ನು ಲೇತಿನವರು ಮೈಕ್ರೋಮೀಟರ್ ಹಿಡಿದು ಹೇಳಲಿ. ಅವರು "ಟೆನ್ ಥೌ" (ಇಂಚಿನ ಸಾವಿರದಲ್ಲಿ ಹತ್ತು ಭಾಗ) ಎಂದರೆ 0.25 ಮಿ.ಮೀ., "ಟ್ವೆಂಟಿ" ಎಂದರೆ 0.50. ಆಮೇಲೆ ಅದೇ ಸೈಜಿನ ಶೆಲ್ ತನ್ನಿ.

ಹೆಡ್ಡಿಗೆ ಏನು ಮಾಡಿಸಬೇಕು?

ಫೇಸಿಂಗ್ (ಕೆಳಮೈ ಸಪಾಟು) ಮಾಡಿಸುವ ಮೊದಲು ಕ್ರ್ಯಾಕ್ ನೋಡಿಸಿ. ವಾಲ್ವ್ ಸೀಟಿನ ನಡುವಿನ ತೆಳು ಜಾಗ ಬಿರುಕಿಗೆ ಹೆಸರುವಾಸಿ. ಸೀಟು, ಗೈಡು ಸವೆದಿದ್ದರೆ ಬದಲಿಸಿ. ಹಳೆ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಒಣಗಿದ್ದನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ. ಬೋಲ್ಟ್ ಬಿಗಿಯುವಾಗ ನಡುವಿನಿಂದ ಶುರು ಮಾಡಿ ಹೊರಕ್ಕೆ, ಮೂರು ನಾಲ್ಕು ಸುತ್ತಿನಲ್ಲಿ.

ಪಂಪ್ ಮೇಲೆ ಮೈಕೋ ಎಂದಿದೆ. ಅದನ್ನು ಮನೆಯಲ್ಲೇ ಬಿಚ್ಚಬಹುದಾ?

ಬೇಡ. ಮೈಕೋ ನಮ್ಮ ಬೆಂಗಳೂರಿನದೇ. 1951ರಲ್ಲಿ ಶುರುವಾಗಿ, ಆಡುಗೋಡಿಯ ಕಾರ್ಖಾನೆಯಲ್ಲಿ ಬಾಷ್ ತಂತ್ರಜ್ಞಾನದ ಪಂಪು, ನಾಸಲ್ ಮಾಡಿತು. 2008ರಲ್ಲಿ ಹೆಸರೇ ಬಾಷ್ ಎಂದಾಯಿತು. ಗ್ಯಾರೇಜಿನವರ ಬಾಯಲ್ಲಿ ಮಾತ್ರ ಇನ್ನೂ ಮೈಕೋ ಪಂಪೇ.

ಪಂಪಿನ ತಗಡಿನ ಮೇಲಿನ ಅಕ್ಷರಗಳನ್ನು ಬರೆದಿಟ್ಟುಕೊಳ್ಳಿ. ಪಿಇಎಸ್6ಎ ಎಂದಿದ್ದರೆ 6 ಎನ್ನುವುದು ಸಿಲಿಂಡರ್ ಲೆಕ್ಕ, ಎ ಎನ್ನುವುದು ಪಂಪಿನ ಅಳತೆ. ಒಳಗಿನ ಎಲಿಮೆಂಟುಗಳು ಕೂದಲೆಳೆಗಿಂತ ಸೂಕ್ಷ್ಮವಾಗಿ ಜೋಡಿಯಾಗಿರುತ್ತವೆ. ಕ್ಯಾಲಿಬ್ರೇಷನ್ ಬೆಂಚ್ ಇಲ್ಲದೆ ಆರಕ್ಕೂ ಸಮನಾಗಿ ಡೀಸೆಲ್ ಬೀಳಿಸಲು ಯಾರಿಂದಲೂ ಆಗುವುದಿಲ್ಲ. ಇನ್‌ಟೇಕಿನಿಂದ ಪಂಪಿನ ಹಿಂಭಾಗಕ್ಕೆ ಸಣ್ಣ ವ್ಯಾಕ್ಯೂಮ್ ಪೈಪ್ ಹೋಗಿದ್ದರೆ ಅದು ರೇಸ್ ಹತೋಟಿಯಲ್ಲಿಡುವ ಗವರ್ನರಿನ ಹಳೆ ನಮೂನೆ. ಆ ಪೈಪ್ ಸೀಳಿದರೆ, ಒಳಗಿನ ಡಯಾಫ್ರಮ್ ಹರಿದರೆ ಇಂಜಿನ್ ರೇಸ್ ತಾನೇ ಏರುತ್ತದೆ. ಹಳೆ ಪೈಪನ್ನು ಮತ್ತೆ ಹಾಕಬೇಡಿ.

ಟ್ಯಾಪೆಟ್ ಸೆಟ್ಟಿಂಗ್ ನಾವೇ ಮಾಡಿಕೊಳ್ಳಬಹುದಾ?

ಖಂಡಿತ. ಟ್ಯಾಪೆಟ್ ಸೆಟ್ಟಿಂಗ್ ಎಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ತೋಳಿನ ನಡುವೆ ಸರಿಯಾದ ಸಂದು ಬಿಡುವುದು. ಇಡೀ ಕೆಲಸದಲ್ಲಿ ನನಗೆ ಖುಷಿ ಕೊಡುವ ಭಾಗ ಇದೇ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ 1-5-3-6-2-4. ಇದನ್ನು ಬರೆದು ಮಧ್ಯಕ್ಕೆ ಮಡಚಿ: 1-5-3 ಮೇಲೆ, 6-2-4 ಕೆಳಗೆ. ಜೋಡಿಗಳು ಸಿಕ್ಕವು: 1 ಮತ್ತು 6, 5 ಮತ್ತು 2, 3 ಮತ್ತು 4.

ಇಂಜಿನ್ ತಣ್ಣಗಿರಲಿ. ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತಾ 6ನೇ ಸಿಲಿಂಡರ್ ನೋಡಿ. ಒಂದು ವಾಲ್ವ್ ಮುಚ್ಚುತ್ತಾ ಇನ್ನೊಂದು ತೆರೆಯುವ ಹೊತ್ತಿಗೆ ಎರಡೂ ರಾಕರ್ ತಕ್ಕಡಿ ಹಾಗೆ ತೂಗುತ್ತವೆ. ಅಲ್ಲೇ ನಿಲ್ಲಿಸಿ. ಈಗ 1ನೆಯದರ ಎರಡೂ ವಾಲ್ವ್ ಮುಚ್ಚಿವೆ. ಇನ್‌ಟೇಕಿಗೆ 0.20 ಮಿ.ಮೀ., ಎಕ್ಸಾಸ್ಟಿಗೆ 0.30 ಮಿ.ಮೀ. ಫೀಲರ್ ತಗಡು ಬೆಣ್ಣೆಯಲ್ಲಿ ಚಾಕು ಎಳೆದಂತೆ ತುಸು ಹಿಡಿದು ಜಾರಬೇಕು. ಯಾವುದು ಯಾವ ವಾಲ್ವ್ ಎಂದು ಗೊಂದಲವಾದರೆ ಮ್ಯಾನಿಫೋಲ್ಡ್ ಪೈಪ್ ಯಾವುದರ ನೇರಕ್ಕೆ ಬಂದಿದೆ ನೋಡಿ. ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಅಳತೆ ಓಡುತ್ತದೆ. ಆಮೇಲೆ ಕ್ರ್ಯಾಂಕನ್ನು ಮೂರನೇ ಒಂದು ಸುತ್ತು ತಿರುಗಿಸಿ. ಈಗ 2 ತೂಗುತ್ತದೆ, 5 ಸೆಟ್ ಮಾಡಿ. ಹೀಗೆ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಹನ್ನೆರಡೂ ಮುಗಿಯುತ್ತವೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ?

ಡೀಸೆಲ್ ಬಿಡದೆ ಸುಮ್ಮನೆ ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಏರುವುದನ್ನು ನೋಡಿ. ಆಮೇಲೆ ಫಿಲ್ಟರಿನಿಂದ ಶುರು ಮಾಡಿ ಏರ್ ತೆಗೆಯಿರಿ. ಗುಳ್ಳೆ ನಿಂತು ಡೀಸೆಲ್ ಗಟ್ಟಿ ಧಾರೆಯಾಗಿ ಬರಬೇಕು. ಇನ್‌ಟೇಕ್ ಬಾಯಿಯ ಹತ್ತಿರ ಒಬ್ಬರು ಸಪಾಟಾದ ಹಲಗೆ ಹಿಡಿದು ನಿಂತಿರಲಿ. ರೇಸ್ ತಾನೇ ಏರಿದರೆ ಹಲಗೆ ಮುಚ್ಚಿದರೆ ಉಸಿರು ಕಟ್ಟಿ ನಿಲ್ಲುತ್ತದೆ. ಕೈ ಅಡ್ಡ ಇಡಬೇಡಿ, ಬಟ್ಟೆ ಇಟ್ಟರೆ ಒಳಗೆ ಎಳೆದುಕೊಳ್ಳುತ್ತದೆ.

ಹೊಸ ಇಂಜಿನ್ ಎಂದು ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವವರು ಇದ್ದಾರೆ. ರಿಂಗು ಬೋರಿಗೆ ಕೂರುವುದು ಲೋಡಿನಲ್ಲಿ. ಹದವಾದ ಲೋಡ್ ಹಾಕಿ, ರೇಸ್ ಏರಿಸುತ್ತಾ ಇಳಿಸುತ್ತಾ ಓಡಿಸಿ. ಮೊದಲ ಆಯಿಲ್ಲನ್ನು ಬೇಗ ಬದಲಿಸಿ.

ಇಂಜಿನ್ನೇ ಬದಲಿಸಿದರೆ ಆರ್‌ಟಿಒ ತೊಂದರೆ ಇದೆಯಾ?

ಇದೆ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುವುದರಿಂದ ಬದಲಾದದ್ದನ್ನು ಅಲ್ಲಿ ತಿದ್ದಿಸಲೇಬೇಕು. ಗಾಡಿ ಮಾರ್ಪಾಡಿನ ವಿಷಯ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿದೆ. ಗುಜರಿಯಿಂದ ಇಂಜಿನ್ ತರುವಾಗ ಬಿಲ್ಲು, ಅದು ಯಾವ ಗಾಡಿಯದ್ದು ಎಂಬ ಕಾಗದ ಕೇಳಿ. ಕಾಗದ ಇಲ್ಲದ ಇಂಜಿನ್ ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಅದೇ ಬ್ಲಾಕ್ ಉಳಿಸಿಕೊಂಡು ಒಳಗಿನದ್ದು ಮಾತ್ರ ಬದಲಿಸಿದರೆ ಈ ರಗಳೆ ಇಲ್ಲ.

ಸಾಮಾನು ಸಿಗುತ್ತಾ?

697ದು ಸಿಗುತ್ತದೆ, ಚಿಂತೆ ಇಲ್ಲ. 692ದು ಸ್ವಲ್ಪ ಹುಡುಕಬೇಕು. 312ದು ಬೇಕಾದರೆ ಹಳೆ ಅಂಗಡಿಯ ಅಟ್ಟ ಹತ್ತಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ತಿರುಗಿ. ಹೋಗುವಾಗ ಹಳೆ ಪಿಸ್ಟನ್, ಒಂದು ಬೇರಿಂಗ್ ಶೆಲ್, ಹಳೆ ಹೆಡ್ ಗ್ಯಾಸ್ಕೆಟ್ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೊಸ ಗ್ಯಾಸ್ಕೆಟ್ಟನ್ನು ಹಳೆಯದರ ಮೇಲೆ ಇಟ್ಟು ತೂತಿಗೆ ತೂತು ಕೂಡುತ್ತದಾ ನೋಡಿ, ಕೌಂಟರಿನ ಮೇಲೇ. ಪ್ಯಾಕೆಟ್ಟನ್ನು ಹರಿಯದೆ, ಅಂಚಿನಲ್ಲಿ ಬ್ಲೇಡಿನಿಂದ ನಾಜೂಕಾಗಿ ಬಿಡಿಸಿ.